ಮಿಜಾರಿನ ನಂದಿನಿ, ಸಸಿಹಿತ್ಲಿನ ಅಲೆ

ಮೂಡುಬಿದಿರೆ ಎಂದರೆ ಸಾವಿರ ಕಂಬದ ಬಸದಿ, ಮುರಕಲ್ಲು, ಅಡಿಕೆ ತೋಟ. ಈ ಊರಿಗೂ ಕಡಲಿಗೂ ಎಲ್ಲಿಯ ನಂಟು? ಮಿಜಾರಿನ ಕನಕಗಿರಿಯಲ್ಲಿ ಹುಟ್ಟುವ ನಂದಿನಿಯ ಬೆನ್ನು ಹಿಡಿದು ನೋಡಿ! ಕಟೀಲಿನ ದೇವಿಯ ಗುಡಿಯನ್ನು ಎರಡೂ ಕಡೆಯಿಂದ ಬಳಸಿ, ಪಾವಂಜೆ ದಾಟಿ, ಶಾಂಭವಿಯನ್ನು ಕೂಡಿಕೊಂಡು ಅದು ಸಸಿಹಿತ್ಲಿನ ಅಳಿವೆ ಬಾಗಿಲಲ್ಲಿ ಕಡಲಿಗೆ ಇಳಿಯುತ್ತದೆ. ಅಲ್ಲಿ ನೀರಿನ ಮೇಲೆ ಹುಡುಗರು ನಿಂತಿದ್ದಾರೆ, ಹೌದು, ನಿಂತೇ ಬರುತ್ತಿದ್ದಾರೆ!

ಅವರನ್ನು ಹೊತ್ತು ತರುವ ಆ ಅಲೆ ಹುಟ್ಟಿದ್ದು ಎಲ್ಲಿ ಗೊತ್ತೇ? ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ. ಸಾವಿರಾರು ಕಿ.ಮೀ. ದಾರಿಯನ್ನು ದಿನಗಟ್ಟಲೆ ಸವೆಸಿ ಬಂದು, ನದಿಗಳು ತಂದು ಸುರಿದ ಮರಳಿನ ದಿಬ್ಬ ಅಡಿಗೆ ತಗಲಿದೊಡನೆ ಎದ್ದು ನಿಲ್ಲುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅದರ ತಲೆ ಮುಂದಕ್ಕೆ ಮುರಿಯುತ್ತದೆ. ಅಂಟಾರ್ಕ್ಟಿಕಾ ಕಡೆಯ ಗಾಳಿಗೆ ಮೂಡುಬಿದಿರೆಯ ಮಳೆನೀರು ಕಟ್ಟಿಕೊಟ್ಟ ಮೆಟ್ಟಿಲು!

ದಡದಲ್ಲೊಬ್ಬ ಹುಡುಗ ಮಂಡಿಯೂರಿ ಅಲೆ ಸವಾರಿಯ, ಅಂದರೆ ಸರ್ಫಿಂಗ್‌ನ, ಬೋರ್ಡಿಗೆ ಮೇಣ ಉಜ್ಜುತ್ತಾನೆ, ಕಾಲು ಜಾರಬಾರದಲ್ಲ. ಹಗ್ಗದ ಪಟ್ಟಿಯನ್ನು ಪಾದದ ಗಂಟಿಗೆ ಬಿಗಿದು, ಬೋರ್ಡಿನ ಮೇಲೆ ಕವುಚಿ ಮಲಗಿ ಕೈಯಲ್ಲೇ ಹುಟ್ಟು ಹಾಕುತ್ತ ನೊರೆಯಾಚೆ ಹೋಗುತ್ತಾನೆ. ಕಾಯುತ್ತಾನೆ. ಬೆನ್ನ ಹಿಂದೆ ನೀರು ಉಬ್ಬಿದ್ದೇ ತಡ, ಒಂದೇ ನೆಗೆತಕ್ಕೆ ಎದ್ದ! ಕೈರಂಪಣಿ ಬಲೆ ಎಳೆಯುವ ಮೊಗವೀರ ಮೀನುಗಾರರು ತಲೆಮಾರುಗಳಿಂದ ಓದುತ್ತ ಬಂದದ್ದೂ ಇದೇ ನೀರನ್ನೇ.

ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ 2004ರಲ್ಲಿ ಪಕ್ಕದ ಮೂಲ್ಕಿಯಲ್ಲಿ ಸರ್ಫಿಂಗ್ ಆಶ್ರಮ ಕಟ್ಟಿದರು. ಜಗತ್ತಿಗೆ ಅವರು 'ಸರ್ಫಿಂಗ್ ಸ್ವಾಮಿ'. ಅಲ್ಲಿನ ಮಂತ್ರ ಸರ್ಫ್ ಕ್ಲಬ್ಬಿನಲ್ಲಿ ಕಲಿತ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್‌ನಲ್ಲಿ ದೇಶಕ್ಕೇ ಹೆಸರು ತಂದರು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಇದೇ ಸಸಿಹಿತ್ಲಿನಲ್ಲಿ!

ಬೆಳ್ತಂಗಡಿ, ಬಂಟ್ವಾಳದವರೇ, ನಿಮ್ಮ ನೇತ್ರಾವತಿಯೂ ಬೆಂಗ್ರೆಯ ಬಳಿ ಇದೇ ಕಡಲಿಗೆ ಮರಳು ಹೊರುತ್ತಾಳೆ. ಮಳೆಗಾಲದಲ್ಲಿ ಮಾತ್ರ ಸಸಿಹಿತ್ಲಿನ ದಂಡೆಯೊಂದಿಗೆ ಸಲುಗೆ ಬೇಡ. ಕಡಲ್ಕೊರೆತ ಇಲ್ಲಿ ಗಾಳಿಮರಗಳನ್ನೇ ಬುಡಸಮೇತ ಕಿತ್ತಿದೆ, ಅಳಿವೆಯ ಸೆಳೆತಕ್ಕೆ ಪಳಗಿದ ಈಜುಗಾರರೂ ಅಂಜುತ್ತಾರೆ. ಕಲಿಯುವವರಿಗೆ ಮಳೆ ಹಿಂದೆಗೆದ ಮೇಲಿನ ತಿಂಗಳುಗಳೇ ಸೈ. ಮೂಡುಬಿದಿರೆಯಿಂದ ಕಿನ್ನಿಗೋಳಿ ದಾರಿಯಾಗಿ ಮೂಲ್ಕಿಗೆ ಬನ್ನಿ, ಬೆಳಗ್ಗೆಯೇ ಬನ್ನಿ: ನೆಲದ ಕಡೆಯಿಂದ ಬೀಸುವ ಗಾಳಿಗೆ ಅಲೆಯ ಮೈ ನುಣುಪಾಗಿರುತ್ತದೆ, ಹೊತ್ತೇರಿ ಕಡಲಗಾಳಿ ಎದ್ದರೆ ಎಲ್ಲವೂ ಕದಡಿಹೋಗುತ್ತದೆ!