ಮೂಡಲಗಿಯ ಅಕ್ಕ ಮತ್ತು ಹೋಟೆಲ್ ಪಾಯಿಂಟುಗಳ ಬೆಲೆ

‘ಮಾಮಾ, ನನ್ನ ಖಾತೇದಾಗ ಒಂದು ಲಕ್ಷ ಐವತ್ತೊಂದು ಸಾವಿರ ಪಾಯಿಂಟ್ ಅದಾವ್ರಿ. ಇವುನ್ನ ಹೆಂಗ ಖರ್ಚ ಮಾಡಿದ್ರ ಚೊಲೊ?’

ಅಮೆರಿಕದಿಂದ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದ ಅಕ್ಕನ ಮಗ ಕೇಳಿದ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ನಾಲ್ಕು ದಶಕಗಳ ಹಿಂದೆ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಸರ್ಕಾರದ ಲೆಕ್ಕಪತ್ರಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಂಡವನು ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಹಣದ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಹರಿದುಬರುತ್ತವೆ. ಆದರೆ ನಿವೃತ್ತಿಯ ನಂತರ ನಾನು ನೆಲೆಸಿರುವ ಗೋಕಾಕದಲ್ಲಾಗಲಿ, ಹುಟ್ಟೂರು ಹುಕ್ಕೇರಿಯಲ್ಲಾಗಲಿ, ಅಕ್ಕನನ್ನು ಕೊಟ್ಟ ಮೂಡಲಗಿಯಲ್ಲಾಗಲಿ ಇಂಥ ಪಾಯಿಂಟು ಕೊಡುವ ಹೋಟೆಲನ್ನು ನಾನು ಕಂಡಿಲ್ಲ. ಇಲ್ಲಿ ನಿಷ್ಠೆಗೆ ಬೇರೆಯದೇ ಪ್ರತಿಫಲವಿದೆ. ಗೋಕಾಕದಲ್ಲಿ ಒಂದೇ ಅಂಗಡಿಯಲ್ಲಿ ಮೂವತ್ತು ವರ್ಷ ಕರದಂಟು ಕೊಂಡವನಿಗೆ ತಕ್ಕಡಿ ತುಸು ಕೆಳಗೆ ಬಾಗುತ್ತದೆ, ಅಷ್ಟೇ.

ಹಾಗೆಂದು ಈ ತತ್ವ ನಮ್ಮ ರೈತರಿಗೆ ಅಪರಿಚಿತವೇನಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಗಳು ತಮ್ಮ ಸದಸ್ಯರಿಗೆ ರಿಯಾಯಿತಿ ದರದಲ್ಲಿ ಸಕ್ಕರೆ ಕೊಡುವ ಪದ್ಧತಿ ಈ ಭಾಗದ ಮನೆಮನೆಗೂ ಗೊತ್ತು. ಷೇರಿನ ಸಕ್ಕರೆಯನ್ನು ಎತ್ತಲು ಮರೆತ ರೈತನನ್ನು ನಾನಂತೂ ಕಂಡಿಲ್ಲ. ಆದರೆ ಅದೇ ರೈತನ ಮಗ ಪುಣೆಯಲ್ಲೋ ನ್ಯೂಜೆರ್ಸಿಯಲ್ಲೋ ಕುಳಿತು ತನ್ನ ಪಾಯಿಂಟುಗಳು ಅವಧಿ ಮೀರಿ ಅಳಿಸಿಹೋಗುವುದನ್ನು ಗಮನಿಸುವುದೇ ಇಲ್ಲ. ಸಕ್ಕರೆ ಕಣ್ಣಿಗೆ ಕಾಣುತ್ತದೆ, ಪಾಯಿಂಟು ಕಾಣುವುದಿಲ್ಲ.

ಈ ಏರ್ಪಾಡಿನ ಇತಿಹಾಸ ಬಹಳ ಹಳೆಯದಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಮೈಲಿಗಳ ಲೆಕ್ಕದಲ್ಲಿ ಬಹುಮಾನ ಕೊಡತೊಡಗಿತು. ಎರಡು ವರ್ಷಗಳಲ್ಲೇ, ಅಂದರೆ 1983ರಲ್ಲಿ, ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳು ಅದೇ ದಾರಿ ಹಿಡಿದವು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಕಾಣುವುದು ಒಂದು ಖಾಸಗಿ ನಾಣ್ಯ. ಹೋಟೆಲ್ ಕಂಪನಿಯೇ ಅದರ ರಿಸರ್ವ್ ಬ್ಯಾಂಕು. ಎಷ್ಟು ನಾಣ್ಯ ಟಂಕಿಸಬೇಕು, ಒಂದು ನಾಣ್ಯಕ್ಕೆ ಎಷ್ಟು ಕೋಣೆ ಸಿಗಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಹಣದುಬ್ಬರವನ್ನು ಹಿಡಿತದಲ್ಲಿಡಬೇಕೆಂಬ ಶಾಸನಬದ್ಧ ಹೊಣೆ ಇಲ್ಲಿ ಯಾರ ಮೇಲೂ ಇಲ್ಲ.

ಕೆಲವು ಯೋಜನೆಗಳಲ್ಲಿ ವಿನಿಮಯ ದರ ಸ್ಥಿರ. ಟಾಟಾ ಸಮೂಹ 2022ರ ಏಪ್ರಿಲ್‌ನಲ್ಲಿ ಆರಂಭಿಸಿದ, ತಾಜ್ ಹೋಟೆಲುಗಳಿಗೂ ಅನ್ವಯಿಸುವ ಯೋಜನೆಯಲ್ಲಿ ಒಂದು ನ್ಯೂಕಾಯಿನ್‌ಗೆ ಒಂದು ರೂಪಾಯಿ. ಫ್ರಾನ್ಸಿನ ಅಕೋರ್ ಸಂಸ್ಥೆಯಲ್ಲಿ 2,000 ಪಾಯಿಂಟುಗಳಿಗೆ 40 ಯೂರೊ. ಇಲ್ಲಿ ಜಾಣತನಕ್ಕೆ ಹೆಚ್ಚು ಅವಕಾಶವಿಲ್ಲ. ಅವಧಿ ಮೀರುವ ಮುನ್ನ ಬಳಸಿದರಾಯಿತು. ಮ್ಯಾರಿಯಟ್, ಹಿಲ್ಟನ್ ಮುಂತಾದವುಗಳಲ್ಲಿ ದರ ತೇಲುತ್ತಿರುತ್ತದೆ. ಮ್ಯಾರಿಯಟ್ ಹಿಂದೆ ಯಾವ ದರ್ಜೆಯ ಹೋಟೆಲಿಗೆ ಎಷ್ಟು ಪಾಯಿಂಟು ಎಂಬ ಪಟ್ಟಿಯನ್ನೇ ಪ್ರಕಟಿಸುತ್ತಿತ್ತು. 2022ರ ಮಾರ್ಚ್‌ನಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿತು. ಕೋಣೆಗೆ ಬೇಡಿಕೆ ಏರಿದಂತೆ ಈಗ ಪಾಯಿಂಟಿನ ಬೇಡಿಕೆಯೂ ಏರುತ್ತದೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಬೆಳಗಾವಿಯಲ್ಲಿ ಪಾಯಿಂಟು ಕೊಟ್ಟು ಕೋಣೆ ಹಿಡಿಯುತ್ತೇನೆಂದು ಹೊರಡುವವರು ಇದನ್ನು ನೆನಪಿಡಬೇಕು. ಶಾಸಕರು, ಅಧಿಕಾರಿಗಳು, ಪತ್ರಕರ್ತರು ಎಲ್ಲರಿಗೂ ಕೋಣೆ ಬೇಕಾಗುವ ಆ ದಿನಗಳಲ್ಲಿ ರೊಕ್ಕಕ್ಕೂ ಬರ, ಪಾಯಿಂಟಿಗೂ ಬರ. ಘಟಪ್ರಭೆ ತುಂಬಿ ಗೋಕಾಕ ಫಾಲ್ಸ್ ಧುಮ್ಮಿಕ್ಕುವ ಆಗಸ್ಟ್‌ನಲ್ಲಿ, ಅದೂ ವಾರದ ನಡುವೆ ಬಂದರೆ ಲೆಕ್ಕ ಬೇರೆ.

ಲೆಕ್ಕ ಹಾಕುವ ರೀತಿ ಸರಳ. ಅದೇ ಕೋಣೆಗೆ, ಅದೇ ದಿನಕ್ಕೆ, ತೆರಿಗೆಯೂ ಸೇರಿ ಎಷ್ಟು ರೂಪಾಯಿ ಎಂದು ನೋಡಬೇಕು. ಅದನ್ನು ಕೇಳುವ ಪಾಯಿಂಟುಗಳಿಂದ ಭಾಗಿಸಬೇಕು. ತೆರಿಗೆಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 18 ಜಿಎಸ್‌ಟಿ ಇದೆ. 6,000 ರೂಪಾಯಿಯ ಕೋಣೆಗೆ ನಾವು ನಿಜವಾಗಿ ತೆರುವುದು 6,300. ಅದಕ್ಕೆ 12,000 ಪಾಯಿಂಟು ಕೇಳಿದರೆ ಒಂದು ಪಾಯಿಂಟಿಗೆ ಐವತ್ತೆರಡೂವರೆ ಪೈಸೆ ಬೆಲೆ ಬಂದಂತಾಯಿತು. ಮ್ಯಾರಿಯಟ್‌ನಲ್ಲಿ ಇನ್ನೊಂದು ಅನುಕೂಲವಿದೆ. ಪಾಯಿಂಟು ಬಳಸಿ ಸತತ ಐದು ರಾತ್ರಿ ತಂಗಿದರೆ ನಾಲ್ಕು ರಾತ್ರಿಗಳ ಪಾಯಿಂಟನ್ನು ಮಾತ್ರ ಪಡೆಯುತ್ತಾರೆ. ಆಗ 31,500 ರೂಪಾಯಿಯ ವಾಸ್ತವ್ಯಕ್ಕೆ 48,000 ಪಾಯಿಂಟು. ಬೆಲೆ 65 ಪೈಸೆ ದಾಟುತ್ತದೆ. ಬಿಡಿ ಬಿಡಿಯಾಗಿ ಒಂದೊಂದು ರಾತ್ರಿ ಖರ್ಚು ಮಾಡುವವರು ಕಳೆದುಕೊಳ್ಳುವುದು ಇದನ್ನೇ.

ಅಳಿಯನಿಗೆ ಇದನ್ನೆಲ್ಲ ವಿವರಿಸಿ, ಮದುವೆಯ ಹತ್ತನೇ ವರ್ಷಕ್ಕೆ ಹೆಂಡತಿಯೊಂದಿಗೆ ಬಾಲಿ ದ್ವೀಪಕ್ಕೆ ಹೋಗಬೇಕೆಂದಿದ್ದ ಅವನ ಯೋಜನೆಗೆ ಒಪ್ಪಿಗೆಯ ಮುದ್ರೆ ಒತ್ತಿದೆ. ಅದಾಗಿ ತಿಂಗಳೊಳಗೆ ಅಕ್ಕನ ಎದೆಯಲ್ಲಿ ಗಂಟು ಪತ್ತೆಯಾಯಿತು.

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಾಯಿತು. ನಂತರ ಹದಿನೈದು ದಿನಗಳ ವಿಕಿರಣ ಚಿಕಿತ್ಸೆ ಬೇಕೆಂದರು. ವಾರಕ್ಕೆ ಐದು ದಿನ, ಸೋಮವಾರದಿಂದ ಶುಕ್ರವಾರದವರೆಗೆ, ಮೂರು ವಾರ. ಅದನ್ನು ಬೆಳಗಾವಿಯಲ್ಲೂ ಮಾಡಿಸಬಹುದಿತ್ತು. ಆದರೆ ಕೈಗುಣ ಕಂಡ ವೈದ್ಯರನ್ನು ಬಿಟ್ಟುಬರಲು ಅಕ್ಕನಿಗೆ ಮನಸ್ಸಿರಲಿಲ್ಲ. ಬೆಂಗಳೂರಿನಲ್ಲಿ ನಮಗೆ ಮನೆಯಿಲ್ಲ. ತುಮಕೂರಿನ ಬೀಗರ ಮನೆಯಿಂದ ದಿನವೂ ಓಡಾಡುವುದು ಆ ಸ್ಥಿತಿಯಲ್ಲಿ ಅಸಾಧ್ಯ.

ಈ ಸಲ ಅಳಿಯ ಪ್ರಶ್ನೆ ಕೇಳಲಿಲ್ಲ. ‘ಮಾಮಾ, ಬುಕ್ ಮಾಡಾಕತ್ತೀನ್ರಿ’ ಎಂದ. ಭಾನುವಾರ ಸಂಜೆ ಬಂದು ಶುಕ್ರವಾರ ಕೋಣೆ ಬಿಟ್ಟರೆ ಸರಿಯಾಗಿ ಐದು ರಾತ್ರಿ. ಮೂರು ವಾರಕ್ಕೆ 1,44,000 ಪಾಯಿಂಟು. ಐದನೆಯ ರಾತ್ರಿಯ ವಿನಾಯಿತಿ ಇಲ್ಲದಿದ್ದರೆ 1,80,000 ಬೇಕಾಗುತ್ತಿತ್ತು, ಅವನಲ್ಲಿ ಅಷ್ಟಿರಲಿಲ್ಲ. ಅತಿಥಿಗಳ ಹೆಸರಲ್ಲಿ ತಂದೆತಾಯಿಯರ ಹೆಸರನ್ನೇ ಬರೆಸಿದ. ಇದೊಂದು ಮುಖ್ಯ ಸಂಗತಿ. ಸದಸ್ಯನೇ ಬಂದು ತಂಗಬೇಕೆಂದಿಲ್ಲ, ಆದರೆ ತಂಗುವವರ ಹೆಸರು ಮೊದಲೇ ದಾಖಲಾಗಿರಬೇಕು. ಇಲ್ಲದಿದ್ದರೆ ಊರಿನಿಂದ ಬಂದ ಹಿರಿಯರು ಸ್ವಾಗತ ಕಟ್ಟೆಯ ಮುಂದೆ ಚೀಲ ಹಿಡಿದು ನಿಲ್ಲಬೇಕಾಗುತ್ತದೆ.

ತಕರಾರು ಬಂದದ್ದು ಭಾವನಿಂದ. ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೂಡಲಗಿಯ ಅವರ ಮನೆಯ ಪಡಸಾಲೆಯಲ್ಲಿ ನಾನು 65 ಪೈಸೆಯ ಲೆಕ್ಕವನ್ನು ತುಸು ಹೆಮ್ಮೆಯಿಂದಲೇ ಒಪ್ಪಿಸಿದೆ. ಕನ್ನಡಕ ಸರಿಸಿ ಕೇಳಿದರು: ‘ಅಲ್ಲಪಾ ಸಾಹೇಬ, ಈ ಪಾಯಿಂಟ್ ಇರಲಿಲ್ಲಂದ್ರ ನಾವು ಆರು ಸಾವಿರದ ರೂಮಿನಾಗ ಇರ್ತಿದ್ವೇನು? ದವಾಖಾನಿ ಹಿಂದ ಒಂದೂವರೆ ಸಾವಿರಕ್ಕ ಲಾಡ್ಜ್ ಐತಿ. ಹದಿನೈದು ರಾತ್ರಿಗೆ ಇಪ್ಪತ್ತೆರಡೂವರೆ ಸಾವಿರ. ನಿಮ್ಮ ಒಂದು ಲಕ್ಷ ನಲವತ್ನಾಕ ಸಾವಿರ ಪಾಯಿಂಟಿಗೆ ಭಾಗಿಸು. ಹದಿನಾರು ಪೈಸಾನೂ ಬರೂದಿಲ್ಲ.’

ಅವರ ಮಾತು ನಿಜ. ಪಾಯಿಂಟು ತಜ್ಞರೆನಿಸಿಕೊಂಡವರು ಜಾಣತನದಿಂದ ಮರೆಮಾಚುವ ಸತ್ಯವೂ ಅದೇ. ಕೋಣೆಯ ಬಾಗಿಲಿಗೆ ಬರೆದ ಬೆಲೆ ಪಾಯಿಂಟಿನ ಬೆಲೆಯಲ್ಲ. ಅದು ಇಲ್ಲದಿದ್ದರೆ ನಮ್ಮ ಜೇಬಿನಿಂದ ಎಷ್ಟು ಹೋಗುತ್ತಿತ್ತೋ ಅದು ನಿಜವಾದ ಬೆಲೆ. ಅವಕಾಶ ವೆಚ್ಚ ಎಂದು ನಾವು ಮೊದಲ ವರ್ಷದಲ್ಲೇ ಓದಿದ್ದ ಪಾಠ. ನಲವತ್ತು ಸಾವಿರ ರೂಪಾಯಿಯ ಕೋಣೆಯಲ್ಲಿ ಪಾಯಿಂಟು ಕೊಟ್ಟು ಮಲಗಿ ‘ನಲವತ್ತು ಸಾವಿರ ಉಳಿಸಿದೆ’ ಎನ್ನುವವನು, ರೊಕ್ಕ ಕೊಟ್ಟು ಎಂದೂ ಅಲ್ಲಿಗೆ ಹೋಗುವವನಲ್ಲವಾದರೆ, ಉಳಿಸಿದ್ದೇನು?

ಆದರೆ ಭಾವನ ಲೆಕ್ಕದಲ್ಲೂ ಒಂದು ಅಂಕಿ ಬಿಟ್ಟುಹೋಗಿತ್ತು. ಆ ಲಾಡ್ಜನ್ನು ನಾನು ಹೋಗಿ ನೋಡಿಬಂದಿದ್ದೆ. ಲಿಫ್ಟ್ ಇಲ್ಲದ ಮೂರನೇ ಮಹಡಿ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಕಿಟಕಿಯ ಕೆಳಗೆ ರಾತ್ರಿಯಿಡೀ ವಾಹನಗಳ ಸದ್ದು. ವಿಕಿರಣದ ಎರಡನೇ ವಾರಕ್ಕೆ ದಣಿವು ಹೆಚ್ಚುತ್ತದೆ, ಚರ್ಮ ಕೆಂಪಾಗಿ ಉರಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಹಾಗಾದರೆ ಅಕ್ಕನಿಗೆ ಬೇಕಾದದ್ದು ಒಂದೂವರೆ ಸಾವಿರದ ಕೋಣೆಯೂ ಅಲ್ಲ, ಆರು ಸಾವಿರದ್ದೂ ಅಲ್ಲ. ಲಿಫ್ಟ್, ಸ್ವಚ್ಛ ಸ್ನಾನಗೃಹ, ನಿಶ್ಶಬ್ದ ಇರುವ ಕೋಣೆ. ಅಂಥದ್ದು ಆ ಸುತ್ತಿನಲ್ಲಿ ಮೂರೂವರೆ ಸಾವಿರಕ್ಕೆ ಕಡಿಮೆ ಇರಲಿಲ್ಲ. ಆ ಲೆಕ್ಕದಲ್ಲಿ ಪಾಯಿಂಟಿಗೆ 36 ಪೈಸೆ. ಭಾವನಿಗೂ ನನಗೂ ಅಲ್ಲಿಗೆ ರಾಜಿಯಾಯಿತು. ಅಕ್ಕ ಮಾತ್ರ ಒಳಗಿನಿಂದಲೇ, ‘ಮಗಾ ಕೊಟ್ಟದ್ದಕ್ಕ ಪೈಸಾ ಹಚ್ಚಿ ಕುಂತೀರೇನು?’ ಎಂದಳು.

ನನ್ನದೇ ಒಂದು ಎಡವಟ್ಟನ್ನೂ ಇಲ್ಲಿ ಹೇಳಿಬಿಡಬೇಕು. ನಿವೃತ್ತಿಯ ನಂತರ ಸ್ವಂತ ಹಣದಲ್ಲಿ ಮಾಡಿದ ಪ್ರವಾಸಗಳಿಂದ ಒಂದು ಸರಣಿ ಹೋಟೆಲಿನಲ್ಲಿ 62,000 ಪಾಯಿಂಟು ಕೂಡಿಟ್ಟಿದ್ದೆ. ಇನ್ನೂ ಒಳ್ಳೆಯ ದರ ಬಂದೀತೆಂದು ಕಾದೆ. ಎರಡು ವರ್ಷ ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಎಲ್ಲವೂ ರದ್ದೆಂಬ ನಿಯಮವನ್ನು ಓದಿರಲಿಲ್ಲ. ನೆನಪಾಗಿ ತೆರೆದು ನೋಡಿದಾಗ ಸೊನ್ನೆ. ಮ್ಯಾರಿಯಟ್, ಹಿಲ್ಟನ್ ಎರಡರಲ್ಲೂ ಇದೇ 24 ತಿಂಗಳ ಗಡುವು, ಅಕೋರ್‌ನಲ್ಲಿ 365 ದಿನ. ಬೆಲೆ ಏರುತ್ತದೆಂದು ಕಾಯಲು ಇದು ಬಂಗಾರವಲ್ಲ, ಬಡ್ಡಿಯೂ ಬರುವುದಿಲ್ಲ. ನಾವು ಬಳಸದೆ ಬಿಟ್ಟ ಪಾಯಿಂಟು ಕಂಪನಿಯ ಆದಾಯವಾಗುತ್ತದೆ. 2018ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಗ್ರಾಹಕನಿಗೆ ಕೊಟ್ಟ ಪಾಯಿಂಟುಗಳ ಪಾಲಿನ ಆದಾಯವನ್ನು ಕಂಪನಿ ಕೂಡಲೇ ಲಾಭಕ್ಕೆ ಸೇರಿಸುವಂತಿಲ್ಲ, ಹೊಣೆಯಾಗಿ ತೋರಿಸಬೇಕು. ಎಷ್ಟು ಮಂದಿ ಬಳಸದೆ ಬಿಡುತ್ತಾರೆ ಎಂಬ ಅಂದಾಜೂ ಆ ಲೆಕ್ಕದ ಭಾಗವೇ. ನಮ್ಮ ಮರೆವಿಗೂ ಅವರ ಪುಸ್ತಕದಲ್ಲಿ ಒಂದು ಅಂಕಣವಿದೆ.

ಕ್ರೆಡಿಟ್ ಕಾರ್ಡಿನ ಮೂಲಕ ಪಾಯಿಂಟು ಗಳಿಸುವ ಹುಚ್ಚಿನ ಬಗೆಗೆ ಒಂದೇ ಮಾತು. ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟುವವರಿಗೆ ಸರಿ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿಯ ಎದುರು ಯಾವ ಪಾಯಿಂಟೂ ನಿಲ್ಲದು.

ಸರ್ಕಾರಿ ನೌಕರರಾಗಿರುವ ಓದುಗರಿಗೆ ಇನ್ನೊಂದು. ಸರ್ಕಾರದ ಖರ್ಚಿನ ವಿಮಾನಯಾನದಿಂದ ಬಂದ ಮೈಲಿಗಳನ್ನು ಸರ್ಕಾರಿ ಪ್ರಯಾಣಕ್ಕೇ ಬಳಸಬೇಕು, ಖಾಸಗಿಗೆ ಬಳಸಿದರೆ ಇಲಾಖಾ ಕ್ರಮ ಎಂದು ಕೇಂದ್ರದ ಹಣಕಾಸು ಸಚಿವಾಲಯ ಬಹಳ ಹಿಂದೆಯೇ ಆದೇಶಿಸಿದೆ. ಹೋಟೆಲ್ ಪಾಯಿಂಟುಗಳಿಗೂ ನ್ಯಾಯ ಅದೇ ಎಂಬುದು ನನ್ನ ಅಭಿಪ್ರಾಯ. ನಾನು ಪ್ರೊಬೇಷನರ್ ಆಗಿದ್ದಾಗ ನಮ್ಮ ವಾಸ್ತವ್ಯವೆಲ್ಲ ಪ್ರವಾಸಿ ಮಂದಿರಗಳಲ್ಲಿ. ಅಲ್ಲಿ ಗಳಿಸಬಹುದಾದ ಗರಿಷ್ಠ ಸವಲತ್ತೆಂದರೆ, ಪರಿಚಿತನಾದ ಮೇಟಿ ಚಳಿಗಾಲದಲ್ಲಿ ಕೊಡುತ್ತಿದ್ದ ಎರಡನೇ ಕಂಬಳಿ.

ಚಿಕಿತ್ಸೆ ಮುಗಿಯಿತು. ಮೊದಲ ವಾರ ಹೋಟೆಲಿನ ಊಟ ಅಕ್ಕನಿಗೆ ಸೇರಲಿಲ್ಲ. ಪಾಯಿಂಟಿನ ಕೋಣೆಗೆ ಬೆಳಗಿನ ಉಪಾಹಾರ ಸೇರಿರುವುದಿಲ್ಲವೆಂಬುದು ಅವರಿಗೆ ತಿಳಿಯದೆ ಮೊದಲ ದಿನ 1,400 ರೂಪಾಯಿ ಬಿಲ್ಲಾಗಿ, ಭಾವ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದರು. ಬುಕ್ ಮಾಡುವಾಗ ನಾನಾದರೂ ನೋಡಬೇಕಿತ್ತು. ಮರುದಿನದಿಂದ ಬೀದಿಯಾಚೆಯ ದರ್ಶಿನಿಯ ಇಡ್ಲಿ. ಎರಡನೇ ವಾರದಿಂದ ಅಕ್ಕ ಹೆಚ್ಚು ಹೊತ್ತು ನಿದ್ದೆ ಮಾಡತೊಡಗಿದಳು. ಕೋಣೆ ಶುಚಿ ಮಾಡಲು ಬರುತ್ತಿದ್ದ ಹುಡುಗಿ ರಾಯಚೂರು ಕಡೆಯವಳೆಂದು ತಿಳಿದ ಮೇಲೆ ಇಬ್ಬರಿಗೂ ಮಾತೋ ಮಾತು. ಆಕೆ ಬಾಗಿಲು ತಟ್ಟುವ ಹೊತ್ತನ್ನು ಅಕ್ಕನ ನಿದ್ದೆಗೆ ಹೊಂದಿಸಿಕೊಂಡಳಂತೆ.

ಅಳಿಯನ ಖಾತೆಯಲ್ಲಿ ಈಗ 7,000 ಪಾಯಿಂಟು ಉಳಿದಿವೆ. ಅವು ರದ್ದಾಗುವ ದಿನಾಂಕವನ್ನು ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಅಕ್ಕ ತಪಾಸಣೆಗೆ ಹೋಗಬೇಕು. ಕಳೆದ ಸಲ ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿಸಲು ಹೋದಾಗ ಅವಳ ಚೀಲದಲ್ಲಿ ಎರಡು ಕಿಲೋ ಕರದಂಟು ಇತ್ತು. ಒಂದು ಡಾಕ್ಟರಿಗೆ, ಇನ್ನೊಂದು ಆ ಹುಡುಗಿಗೆ.