ವಿಷಾನಿಲವನ್ನು ಅರಿಯುವ ವಿದ್ಯುನ್ಮಂಡಲ

ದೆಹಲಿಯ ಕರೋಲ್ ಬಾಗ್ ಸದಾ ಜನರಿಂದ ಕಿಕ್ಕಿರಿದ ಪೇಟೆ. ಅಲ್ಲಿನ ಅಜ್ಮಲ್ ಖಾನ್ ರಸ್ತೆಯಲ್ಲಿ ಬಟ್ಟೆಬರೆ ಕೊಳ್ಳುತ್ತ ನಡೆಯುವವರಿಗೆ ಕಾಲಡಿಯ ಒಳಚರಂಡಿಯ ನೆನಪು ಬರುವುದಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿಯೂ ಹಾಗೆಯೇ. ಆ ಕತ್ತಲೆಯಲ್ಲಿ ಕೊಳೆಯುವ ಪದಾರ್ಥಗಳಿಂದ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗವಾದಾಗಲಾದರೋ ನಮ್ಮ ಘ್ರಾಣಶಕ್ತಿಯೇ ಉಡುಗಿಹೋಗುತ್ತದೆ. ನಾತವಿಲ್ಲವೆಂದು ನಂಬಿ ಕೆಳಗಿಳಿದವನು ಮರಳಿ ಬಾರದಿರಬಹುದು. ಆದುದರಿಂದ ಮೂಗಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿದೆ.

ಈ ಅನಿಲಮಾಪಕದ ಹೃದಯವೆಂದರೆ ನಾಣ್ಯದಷ್ಟು ಅಗಲದ ಒಂದು ವಿದ್ಯುತ್ಕೋಶ. ಅದರೊಳಗೆ ಸಾಮಾನ್ಯವಾಗಿ ಗಂಧಕಾಮ್ಲವೂ ಮೂರು ವಿದ್ಯುದ್ಧ್ರುವಗಳೂ ಇರುತ್ತವೆ. ಅನಿಲವು ಮೊದಲನೆಯ ಧ್ರುವದ ಮೇಲೆ ನೀರಿನೊಡನೆ ವರ್ತಿಸಿ ಗಂಧಕಾಮ್ಲವಾಗುವಾಗ, ಅದರ ಒಂದೊಂದು ಅಣುವೂ ಎಂಟು ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಇವು ತಂತಿಯ ಮೂಲಕ ಎರಡನೆಯ ಧ್ರುವವನ್ನು ಸೇರುತ್ತವೆ; ಅಲ್ಲಿ ಆಮ್ಲಜನಕವು ಅವುಗಳನ್ನು ಸ್ವೀಕರಿಸಿ ನೀರಾಗುತ್ತದೆ. ಅನಿಲ ಹೆಚ್ಚಿದಷ್ಟೂ ತಂತಿಯ ಪ್ರವಾಹ ಹೆಚ್ಚುತ್ತದೆ. ಮೂರನೆಯ ಧ್ರುವದಲ್ಲಿ ಪ್ರವಾಹ ಹರಿಯುವುದಿಲ್ಲ. ಅದು ವಿಭವವನ್ನು ಹೋಲಿಸಿ ನೋಡುವ ಅಳತೆಗೋಲು ಮಾತ್ರ.

ಈ ಪ್ರವಾಹ ಬಹು ಕ್ಷೀಣವಾದುದು. ಅದನ್ನು ಓದಬಲ್ಲ ಸಂಕೇತವನ್ನಾಗಿ ಮಾಡುವುದೇ ವಿದ್ಯುನ್ಮಂಡಲದ ಕಾರ್ಯ. ಮೊದಲನೆಯದಾಗಿ, ಕ್ರಿಯೆ ಸಮವಾಗಿ ನಡೆಯಬೇಕಾದರೆ ಮೊದಲನೆಯ ಧ್ರುವದ ವಿಭವ ಕದಲಬಾರದು. ಒಂದು ವರ್ಧಕವು ಮೂರನೆಯ ಧ್ರುವವನ್ನು ಗಮನಿಸುತ್ತ, ಎರಡನೆಯದಕ್ಕೆ ಬೇಕಾದಷ್ಟು ಪ್ರವಾಹವನ್ನೊದಗಿಸಿ ಆ ವಿಭವವನ್ನು ಕಾಯುತ್ತದೆ. ಎರಡನೆಯದಾಗಿ, ಮತ್ತೊಂದು ವರ್ಧಕವು ಪ್ರವಾಹವನ್ನು ರೋಧಕದ ಮೂಲಕ ಹರಿಯಿಸಿ ವೋಲ್ಟುಗಳಾಗಿ ಪರಿವರ್ತಿಸುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗ ಅನಿಲಕ್ಕೆ 0.7 ಮೈಕ್ರೊಆಂಪಿಯರ್ ಕೊಡುವ ಕೋಶವಿದೆಯೆನ್ನೋಣ. 10 ಭಾಗಕ್ಕೆ ದೊರೆಯುವುದು 7 ಮೈಕ್ರೊಆಂಪಿಯರ್. ಅದು 1,00,000 ಓಮ್ ರೋಧಕದಲ್ಲಿ ಹರಿದರೆ, ಓಮನ ನಿಯಮದಂತೆ 0.7 ವೋಲ್ಟು ಲಭಿಸುತ್ತದೆ. ಎಚ್ಚರಿಕೆಯ ಗಂಟೆ ಬಾರಿಸಲು ಅಷ್ಟು ಸಾಕು. ಅನಂತರ ಶೋಧಕವು ಸಂಕೇತದ ಕಂಪನವನ್ನು ತಗ್ಗಿಸುತ್ತದೆ. ಉಷ್ಣತೆಯಿಂದಾಗುವ ವ್ಯತ್ಯಾಸವನ್ನೂ ಲೆಕ್ಕದಲ್ಲಿ ಸರಿಪಡಿಸುತ್ತಾರೆ.

ಇಲ್ಲೊಂದು ಅಪಾಯವುಂಟು. ಶುದ್ಧವಾದ ಗಾಳಿಯಲ್ಲಿ ಮಾಪಕ ಸೊನ್ನೆಯನ್ನು ತೋರಿಸುತ್ತದೆ. ಕೋಶ ಕೆಟ್ಟುಹೋದಾಗಲೂ ತೋರಿಸುವುದು ಸೊನ್ನೆಯನ್ನೇ! ಯಾವ ವರ್ಧಕವೂ ಇಲ್ಲದ ಪ್ರವಾಹವನ್ನು ಹಿಗ್ಗಿಸಲಾರದು. ಆದುದರಿಂದ ಕೆಲಸಕ್ಕೆ ಮುನ್ನ ಪ್ರಮಾಣ ತಿಳಿದ ಅನಿಲವನ್ನು ಮಾಪಕದ ಮೇಲೆ ಹಾಯಿಸಿ, ಗಂಟೆ ಬಾರಿಸುವುದೇ ಎಂದು ಪರೀಕ್ಷಿಸಬೇಕು. ಪರೀಕ್ಷಿಸದ ಸೊನ್ನೆಯನ್ನು ನಂಬಬಾರದು.

ಅಪಾಯಕರವಾದ ರೀತಿಯಲ್ಲಿ ಒಳಚರಂಡಿ ಶುಚಿಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಅದರ ನಿಯಮಗಳು ಅನಿಲಮಾಪಕವನ್ನು ರಕ್ಷಣಾ ಸಾಮಗ್ರಿಗಳಲ್ಲಿ ಸೇರಿಸಿವೆ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರು. ಮನುಷ್ಯನು ಗುಂಡಿಗಿಳಿಯುವುದೇ ನಿಲ್ಲಬೇಕೆಂಬುದು ಅವರ ಹೋರಾಟದ ಆಶಯ. ಅದು ನಿಲ್ಲುವವರೆಗೆ ಏಳು ಮೈಕ್ರೊಆಂಪಿಯರುಗಳ ಆ ಸಣ್ಣ ಪ್ರವಾಹದ ಮೇಲೆ ಒಂದು ಜೀವ ನಿಂತಿರುತ್ತದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.