ಸೋಲರಿಯದ ತಂಡಕ್ಕೆ ಬಿದ್ದ ಬೀಗ

ಸೋತ ತಂಡವನ್ನು ಜನ ಮರೆಯುವುದು ಲೋಕರೂಢಿ. ಆದರೆ ಒಂದು ಪಂದ್ಯವನ್ನೂ ಸೋಲದೆ ಋತುವನ್ನು ಮುಗಿಸಿದ ತಂಡವೊಂದನ್ನು ಅದರ ಕಾಲೇಜೇ ಕೆಲವು ವಾರಗಳೊಳಗೆ ವಿಸರ್ಜಿಸಿಬಿಟ್ಟಿತೆಂದರೆ ಯಾರಿಗಾದರೂ ವಿಚಿತ್ರವೆನಿಸದಿರದು. ೧೯೫೧ರ ಕೊನೆಯಲ್ಲಿ ಅಮೆರಿಕೆಯ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದುದು ಇದೇ. ಆ ತಂಡ ಏಕೆ ಅಳಿಯಿತೆಂಬುದನ್ನು ಅರಿಯಬೇಕಾದರೆ, ಆ ದೇಶದ ಸಣ್ಣ ಕಾಲೇಜುಗಳು ಫುಟ್‌ಬಾಲಿನ ಬೆನ್ನೇರಿ ಮೇಲೆದ್ದ, ಅದರ ಭಾರದಿಂದಲೇ ಕೆಳಗೆ ಕುಸಿದ ವೃತ್ತಾಂತವನ್ನು ಮೊದಲಿನಿಂದ ಕೇಳಬೇಕು.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮವರು ಬಲ್ಲ ಕಾಲ್ಚೆಂಡಲ್ಲ. ಚೆಂಡು ಗುಂಡಗಿಲ್ಲ, ಎರಡೂ ತುದಿ ಚೂಪಾಗಿರುವ ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಅಲ್ಲಿ ಕೆಲಸ ಹೆಚ್ಚು. ಹನ್ನೊಂದು ಮಂದಿ ಚೆಂಡನ್ನು ಹೊತ್ತು ಮುನ್ನುಗ್ಗುವುದು, ಎದುರಿನ ಹನ್ನೊಂದು ಮಂದಿ ಅವರನ್ನು ಹಿಡಿದು ಕೆಡವುವುದು—ಇದೇ ಆಟದ ಸಾರ. ೧೮೬೯ರಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಇದರ ಮೊದಲನೆಯ ಅಂತರ್ ಕಾಲೇಜು ಪಂದ್ಯವೆಂದು ಎಣಿಸುತ್ತಾರೆ. ವೃತ್ತಿ ಆಟಗಾರರ ಸಂಘಗಳು ಹುಟ್ಟುವುದಕ್ಕೆ ಬಹಳ ಮೊದಲೇ ಇದು ವಿದ್ಯಾರ್ಥಿಗಳ ಆಟವಾಗಿ ಬೇರೂರಿತು. ಹನ್ನೊಂದು ಗಟ್ಟಿ ಹುಡುಗರಿದ್ದರೆ ಸಾಕು, ಎಷ್ಟೇ ಸಣ್ಣ ಕಾಲೇಜಾದರೂ ಎಷ್ಟೇ ದೊಡ್ಡ ವಿಶ್ವವಿದ್ಯಾನಿಲಯವನ್ನು ಕೆಣಕಬಹುದಾಗಿದ್ದ ಕಾಲವದು.

ಆರು ದಿನ, ಐದು ಗೆಲವು

ಟೆನೆಸ್ಸಿ ಸಂಸ್ಥಾನದ ಬೆಟ್ಟವೊಂದರ ಮೇಲೆ ಸಿವಾನಿ ಎಂಬ ಊರಿದೆ. ಅಲ್ಲಿನ ಕಾಲೇಜಿನ ಪೂರ್ಣ ಹೆಸರು ‘ದಕ್ಷಿಣದ ವಿಶ್ವವಿದ್ಯಾನಿಲಯ’ ಎಂದಿದ್ದರೂ ಜನ ಅದನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ೧೮೯೯ರಲ್ಲಿ ನೆರೆಯ ವ್ಯಾಂಡರ್‌ಬಿಲ್ಟ್‌ನೊಡನೆ ಟಿಕೆಟಿನ ಹಣದ ಹಂಚಿಕೆಯ ಬಗ್ಗೆ ಮನಸ್ತಾಪ ಬಂದು ಆ ವರ್ಷದ ಪಂದ್ಯ ನಿಂತುಹೋಯಿತು. ಆದಾಯಕ್ಕೆ ಕೊರತೆ ಬಿತ್ತು. ತಂಡದ ವ್ಯವಸ್ಥಾಪಕನಾಗಿದ್ದ ಲ್ಯೂಕ್ ಲೀ ಎಂಬ ವಿದ್ಯಾರ್ಥಿ—ಮುಂದೆ ಈತ ಅಮೆರಿಕದ ಸೆನೆಟ್ ಸದಸ್ಯನಾದ—ಆ ಕೊರತೆಯನ್ನು ತುಂಬಲು ಒಂದು ಸಾಹಸದ ಪ್ರವಾಸವನ್ನು ಗೊತ್ತುಮಾಡಿದ.

ಸುಮಾರು ೨,೫೦೦ ಮೈಲಿಗಳ ರೈಲು ಪ್ರಯಾಣ. ನವೆಂಬರ್ ೯ರಂದು ಆಸ್ಟಿನ್ ನಗರದಲ್ಲಿ ಟೆಕ್ಸಸ್, ಮರುದಿನ ಹ್ಯೂಸ್ಟನ್ನಿನಲ್ಲಿ ಟೆಕ್ಸಸ್ ಎ ಅಂಡ್ ಎಂ, ೧೧ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್. ಭಾನುವಾರ ಒಂದು ದಿನ ವಿಶ್ರಾಂತಿ. ೧೩ರಂದು ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ, ೧೪ರಂದು ಮೆಂಫಿಸ್‌ನಲ್ಲಿ ಮಿಸಿಸಿಪಿ. ಆರು ದಿನಗಳಲ್ಲಿ ಐದು ಪಂದ್ಯ. ಐದರಲ್ಲಿಯೂ ಸಿವಾನಿಗೇ ಜಯ. ಎದುರಾಳಿಗಳು ಒಂದೇ ಒಂದು ಅಂಕವನ್ನೂ ಗಳಿಸಲಿಲ್ಲ. ಆ ಋತುವಿನ ಹನ್ನೆರಡು ಪಂದ್ಯಗಳನ್ನೂ ಗೆದ್ದ ತಂಡ ಒಟ್ಟು ೩೨೨ ಅಂಕ ಗಳಿಸಿ ಬಿಟ್ಟುಕೊಟ್ಟುದು ಹತ್ತು ಮಾತ್ರ.

ಇಷ್ಟು ದೊಡ್ಡ ಕೀರ್ತಿ ಹಣದ ಕೊರತೆಯೊಂದರಿಂದ ಹುಟ್ಟಿತೆಂಬುದನ್ನು ವಾಚಕರು ಗಮನಿಸಬೇಕು. ಸಣ್ಣ ಕಾಲೇಜುಗಳ ಫುಟ್‌ಬಾಲಿನ ಕಥೆಯಲ್ಲಿ ಹಣವೆಂಬ ಪಾತ್ರ ಮೊದಲ ಅಂಕದಲ್ಲಿಯೇ ರಂಗಕ್ಕೆ ಬಂದಿದ್ದಿತು.

ಹಾರ್ವರ್ಡನ್ನು ಮಣಿಸಿದ ಪುಟ್ಟ ಊರು

ಕೆಂಟಕಿ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಪುಟ್ಟ ಊರಿನಲ್ಲಿರುವ ಸೆಂಟರ್ ಕಾಲೇಜಿನಲ್ಲಿ ೧೯೨೧ರಲ್ಲಿದ್ದ ವಿದ್ಯಾರ್ಥಿಗಳು ಮುನ್ನೂರಕ್ಕೂ ಕಡಿಮೆ. ಹಿಂದಿನ ವರ್ಷ ಆ ತಂಡ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮೇಲೆ ಆಡಿ ೩೧-೧೪ರಿಂದ ಸೋತು ಬಂದಿದ್ದಿತು. ಹಾರ್ವರ್ಡ್ ತಂಡವಾದರೋ ೧೯೧೯ ಮತ್ತು ೧೯೨೦ರ ಎರಡು ಋತುಗಳಲ್ಲಿ ಸೋಲೆಂಬುದನ್ನೇ ಕಂಡಿರಲಿಲ್ಲ.

೧೯೨೧ರ ಅಕ್ಟೋಬರ್ ೨೯ರಂದು ಸೆಂಟರ್ ತಂಡ ಮತ್ತೆ ಹಾರ್ವರ್ಡಿನ ಕ್ರೀಡಾಂಗಣಕ್ಕೆ ಇಳಿಯಿತು. ಪೂರ್ವಾರ್ಧದಲ್ಲಿ ಯಾರೂ ಅಂಕ ಗಳಿಸಲಿಲ್ಲ. ಉತ್ತರಾರ್ಧದಲ್ಲಿ ಬೋ ಮೆಕ್‌ಮಿಲಿನ್ ಚೆಂಡನ್ನು ಅವುಚಿಕೊಂಡು ೩೨ ಗಜ ಓಡಿ ಗೆರೆ ದಾಟಿದ. ಆರು ಅಂಕ. ಮುಂದೆ ಹಾರ್ವರ್ಡ್ ಎಷ್ಟು ಹೆಣಗಿದರೂ ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಆರಕ್ಕೆ ಸೊನ್ನೆ! ಸುದ್ದಿ ಮುಟ್ಟಿದ ಡ್ಯಾನ್‌ವಿಲ್ಲಿನ ಜನ ರಸಾಯನಶಾಸ್ತ್ರದ ಸೂತ್ರದಂತೆ ‘ಸಿ ೬, ಎಚ್ ೦’ ಎಂದು ಊರ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದರು. ೧೯೫೦ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಶತಮಾನದ ಪೂರ್ವಾರ್ಧದ ಪಂದ್ಯಗಳನ್ನು ತೂಗಿ ನೋಡಿದಾಗ, ಅತ್ಯಂತ ಅನಿರೀಕ್ಷಿತವಾದ ಫಲಿತಾಂಶವೆಂಬ ಪಟ್ಟ ಇದಕ್ಕೇ ದೊರೆಯಿತು.

ಟಿಕೆಟಿನ ಹಣದ ಮಾಯೆ

ಇಂಥ ಒಂದು ಗೆಲವು ಕಾಲೇಜಿನ ಹೆಸರನ್ನು ದೇಶಕ್ಕೆಲ್ಲ ಪರಿಚಯ ಮಾಡಿಕೊಡುತ್ತಿದ್ದಿತು. ಹತ್ತಾರು ವರ್ಷ ಪಂಡಿತರು ಪಾಠ ಹೇಳಿದರೂ ಬಾರದ ಪ್ರಸಿದ್ಧಿ ಒಂದು ಶನಿವಾರದ ಸಂಜೆಯೊಳಗೆ ಬರುತ್ತಿದ್ದಿತು. ಕ್ಯಾಲಿಫೋರ್ನಿಯದ ಸೇಂಟ್ ಮೇರಿಸ್ ಎಂಬ ಸಣ್ಣ ಕ್ಯಾಥೊಲಿಕ್ ಕಾಲೇಜು ೧೯೨೦ರಲ್ಲಿ ನೆರೆಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ೧೨೭-೦ ಅಂತರದಲ್ಲಿ ಸೋತು ನಗೆಪಾಟಲಾಗಿದ್ದಿತು. ಮರುವರ್ಷ ‘ಸ್ಲಿಪ್’ ಮ್ಯಾಡಿಗನ್ ಎಂಬ ತರಬೇತುದಾರ ಅಲ್ಲಿಗೆ ಬಂದ. ೧೯೨೬ರಲ್ಲಿ ಅದೇ ಕ್ಯಾಲಿಫೋರ್ನಿಯ ತಂಡ ಅವನ ಹುಡುಗರೆದುರು ಮಣಿಯಿತು. ೧೯೩೦ರಲ್ಲಿ ಅವರು ಖಂಡವನ್ನೇ ದಾಟಿ ನ್ಯೂಯಾರ್ಕಿಗೆ ಹೋಗಿ ಫೋರ್ಡಂ ತಂಡವನ್ನು ಸೋಲಿಸಿ ಬಂದರು. ಸಮೀಪದಲ್ಲಿಯೇ ಇದ್ದ ಸ್ಯಾಂಟ ಕ್ಲಾರ ಎಂಬ ಇನ್ನೊಂದು ಸಣ್ಣ ಕಾಲೇಜು ೧೯೩೭ ಮತ್ತು ೧೯೩೮ರ ಹೊಸ ವರ್ಷದ ದಿನಗಳಂದು ನಡೆದ ‘ಶುಗರ್ ಬೌಲ್’ ಎಂಬ ಪ್ರತಿಷ್ಠೆಯ ಪಂದ್ಯವನ್ನು ಸತತವಾಗಿ ಗೆದ್ದಿತು.

ಆದರೆ ಕೀರ್ತಿ ಸಾಲದ ಹಾಗೆ. ಬಡ್ಡಿ ಕಟ್ಟುತ್ತಲೇ ಇರಬೇಕು. ದೊಡ್ಡ ತಂಡಗಳನ್ನು ಎದುರಿಸಲು ಒಳ್ಳೆಯ ಆಟಗಾರರು ಬೇಕು. ಅವರಿಗೆ ವಿದ್ಯಾರ್ಥಿವೇತನ ಬೇಕು. ಅದಕ್ಕೆ ಟಿಕೆಟಿನ ಹಣ ಬೇಕು. ಆ ಹಣ ಬರಬೇಕಾದರೆ ಮತ್ತೆ ದೊಡ್ಡ ತಂಡಗಳನ್ನೇ ಎದುರಿಸಬೇಕು. ಈ ಚಕ್ರದಲ್ಲಿ ಒಮ್ಮೆ ಕಾಲಿಟ್ಟವರಿಗೆ ಹೊರಬರುವ ದಾರಿ ಕಾಣುತ್ತಿರಲಿಲ್ಲ.

ದಾರಿಯನ್ನು ಮೊದಲು ಹುಡುಕಿದವರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವೊಂದು. ಅದೇನೂ ಸಣ್ಣ ಸಂಸ್ಥೆಯಲ್ಲ. ಒಂದು ಕಾಲಕ್ಕೆ ಫುಟ್‌ಬಾಲಿನಲ್ಲಿ ಅಗ್ರಗಣ್ಯವಾಗಿದ್ದಿತು. ೧೯೩೯ರಲ್ಲಿ ಮಿಷಿಗನ್ ತಂಡ ಅದನ್ನು ೮೫-೦ಯಿಂದ ಸೋಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿದರು. ಬರಿದಾದ ಆ ಕ್ರೀಡಾಂಗಣದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ೧೯೪೨ರ ಡಿಸೆಂಬರ್ ೨ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಪ್ರಪಂಚದ ಮೊತ್ತಮೊದಲ ಪರಮಾಣು ಕ್ರಿಯಾಗಾರವನ್ನು ನಡೆಸಿದರು. ಇತ್ತ ಸಿವಾನಿಯೂ ೧೯೪೦ರಲ್ಲಿ ದಕ್ಷಿಣದ ಬಲಾಢ್ಯ ತಂಡಗಳ ಕೂಟದಿಂದ ಹೊರಬಂದಿತು. ಆ ಕೂಟದಲ್ಲಿ ಅದು ಆಡಿದ್ದ ೩೭ ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ.

ಎರಡು ಪಡೆಗಳ ಖರ್ಚು

ಉಳಿದವರಿಗೆ ಪೆಟ್ಟು ಕೊಟ್ಟುದು ಮಹಾಯುದ್ಧದ ನಂತರದ ವರ್ಷಗಳು. ಹಿಂದೆ ಒಬ್ಬನೇ ಆಟಗಾರ ಚೆಂಡು ಹೊತ್ತು ನುಗ್ಗುವಾಗಲೂ, ಎದುರಾಳಿಯನ್ನು ತಡೆಯುವಾಗಲೂ ಆಡಬೇಕಾಗಿದ್ದಿತು. ಮಧ್ಯೆ ಬದಲಾಗುವುದಕ್ಕೆ ನಿಯಮದ ಕಟ್ಟು ಇದ್ದಿತು. ೧೯೪೧ರಲ್ಲಿ ಆ ಕಟ್ಟು ಸಡಿಲವಾಯಿತು. ದೊಡ್ಡ ತಂಡಗಳು ದಾಳಿಗೊಂದು, ರಕ್ಷಣೆಗೊಂದು ಎಂದು ಎರಡು ಪಡೆಗಳನ್ನೇ ಕಟ್ಟಿದವು. ಹನ್ನೊಂದು ಹುಡುಗರು ಸಾಕೆನ್ನುವ ಕಾಲ ಹೋಯಿತು. ಅದರ ಇಮ್ಮಡಿ ಮುಮ್ಮಡಿ ಬೇಕಾಯಿತು. ೧೯೫೩ರಲ್ಲಿ ಕಟ್ಟು ಮತ್ತೆ ಬಿಗಿಯಾಯಿತಾದರೂ ಅಷ್ಟರೊಳಗೆ ಅನೇಕ ಸಣ್ಣ ಕಾಲೇಜುಗಳ ಬೊಕ್ಕಸ ಬರಿದಾಗಿದ್ದಿತು.

೧೯೪೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ತನ್ನದೇ ವೃತ್ತಿ ತಂಡ ಬಂದಿತು. ಕಾಲೇಜು ಹುಡುಗರ ಆಟಕ್ಕೆ ಬರುತ್ತಿದ್ದ ಪ್ರೇಕ್ಷಕರಲ್ಲಿ ಅನೇಕರು ಅತ್ತ ಹೊರಳಿದರು. ಅದರ ಹಿಂದೆಯೇ ದೂರದರ್ಶನ ಬಂದಿತು. ಮನೆಯಲ್ಲಿ ಕುಳಿತು ದೇಶದ ಶ್ರೇಷ್ಠ ಪಂದ್ಯವನ್ನು ನೋಡಬಹುದಾದಾಗ, ಮಂಜಿನಲ್ಲಿ ನಡುಗುತ್ತ ಊರಿನ ಸಣ್ಣ ಕಾಲೇಜಿನ ಆಟ ನೋಡಲು ಯಾರು ಹೋದಾರು? ೧೯೫೦ರ ಋತುವಿನ ನಂತರ ಸೇಂಟ್ ಮೇರಿಸ್ ಆಟವನ್ನು ಕೈಬಿಟ್ಟಿತು. ಪೂರ್ವದಲ್ಲಿ ಜಾರ್ಜ್‌ಟೌನ್ ಅದೇ ದಾರಿ ಹಿಡಿಯಿತು. ಸ್ಯಾಂಟ ಕ್ಲಾರ ಎರಡು ವರ್ಷ ತಡೆದು, ೧೯೫೨ರ ಕೊನೆಗೆ ನಿಲ್ಲಿಸಿತು.

ಒಂದು ಷರತ್ತು, ಒಂದು ಉತ್ತರ

ಇವೆರಡರ ನಡುವೆ ಬಂದುದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯದ ೧೯೫೧ರ ತಂಡ. ಜೆಸ್ಯೂಟ್ ಪಾದ್ರಿಗಳ ಆ ಸಂಸ್ಥೆಯ ತಂಡಕ್ಕೆ ಜೋ ಕುಹಾರಿಚ್ ತರಬೇತುದಾರ. ಅದರ ಪ್ರಚಾರದ ಹೊಣೆ ಹೊತ್ತಿದ್ದ ತರುಣ ಪೀಟ್ ರೊಜೆಲ್. ಒಂಬತ್ತು ಪಂದ್ಯ ಆಡಿದರು, ಒಂಬತ್ತನ್ನೂ ಗೆದ್ದರು. ಆಲಿ ಮ್ಯಾಟ್ಸನ್ ಎಂಬ ಆಟಗಾರ ಚೆಂಡು ಹೊತ್ತು ಓಡಿದ ದೂರ ಆ ಋತುವಿನಲ್ಲಿ ೧,೫೬೬ ಗಜ. ದೇಶದಲ್ಲಿ ಅವನನ್ನು ಮೀರಿದವರಿರಲಿಲ್ಲ. ರಕ್ಷಣೆಯಲ್ಲಿ ಬರ್ಲ್ ಟೋಲರ್ ಬಂಡೆಯಂತೆ ನಿಲ್ಲುತ್ತಿದ್ದ. ಇವರಿಬ್ಬರೂ ಕಪ್ಪು ಜನಾಂಗದವರು. ತಂಡದಲ್ಲಿ ಆ ಜನಾಂಗದವರು ಇವರಿಬ್ಬರೇ.

ಕಾಲೇಜಿಗೆ ಆಗ ಹಣದ ಮುಗ್ಗಟ್ಟು. ಹೊಸ ವರ್ಷದ ಸಮಯದಲ್ಲಿ ದಕ್ಷಿಣದ ನಗರಗಳಲ್ಲಿ ನಡೆಯುವ ‘ಬೌಲ್’ ಪಂದ್ಯವೊಂದಕ್ಕೆ ಕರೆ ಬಂದರೆ ದೊಡ್ಡ ಮೊತ್ತ ಕೈಸೇರಿ ತಂಡ ಉಳಿಯುವ ಆಸೆಯಿದ್ದಿತು. ಆದರೆ ವರ್ಣಭೇದ ದಕ್ಷಿಣದ ಸಂಸ್ಥಾನಗಳ ಕಟ್ಟಳೆಯಾಗಿದ್ದ ಕಾಲವದು. ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನೂ ಮನೆಯಲ್ಲಿ ಬಿಟ್ಟು ಬರುವುದಾದರೆ ಮಾತ್ರ ತಂಡಕ್ಕೆ ಸ್ವಾಗತವೆಂಬ ಷರತ್ತು ಆಟಗಾರರ ಕಿವಿಗೆ ಬಿತ್ತು. ಇದಕ್ಕೆ ಅವರು ಚರ್ಚೆ ನಡೆಸಲಿಲ್ಲ. ಹೋದರೆ ಎಲ್ಲರೂ ಹೋಗುವುದು, ಇಲ್ಲವಾದರೆ ಯಾರೂ ಹೋಗದಿರುವುದು—ಇಷ್ಟೇ ಅವರ ಉತ್ತರ. ಕರೆ ಬರಲಿಲ್ಲ, ಹಣವೂ ಬರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಫುಟ್‌ಬಾಲನ್ನು ನಿಲ್ಲಿಸುವುದಾಗಿ ಕಾಲೇಜು ಸಾರಿತು.

ಆ ಯುವಕರ ಮುಂದಿನ ಬಾಳು ನೋಡುವಂತಹುದು. ಮ್ಯಾಟ್ಸನ್ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಟಗಾರನಾಗಿ ಒಂದು ಬೆಳ್ಳಿ, ಒಂದು ಕಂಚಿನ ಪದಕ ಗೆದ್ದ. ಅವನೂ, ಜೀನೊ ಮಾರ್ಕೆಟಿ ಮತ್ತು ಬಾಬ್ ಸೇಂಟ್ ಕ್ಲೇರ್ ಎಂಬ ಸಂಗಡಿಗರೂ ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರವನ್ನು ಸೇರಿದರು. ಟೋಲರನ ಮೊಣಕಾಲು ೧೯೫೨ರಲ್ಲಿ ಮುರಿದು ಅವನ ಆಟ ಮುಗಿಯಿತು. ಅವನು ಶಾಲೆಯ ಮುಖ್ಯೋಪಾಧ್ಯಾಯನಾದ. ೧೯೬೫ರಲ್ಲಿ ವೃತ್ತಿ ಸಂಘದ ಪಂದ್ಯಗಳಿಗೆ ತೀರ್ಪುಗಾರನಾಗಿ ನೇಮಕಗೊಂಡ ಮೊದಲ ಕಪ್ಪು ವ್ಯಕ್ತಿಯಾದ. ಆ ಸಂಘದ ಮುಖ್ಯಾಧಿಕಾರ ಆಗ ಹಳೆಯ ಪ್ರಚಾರಕ ಪೀಟ್ ರೊಜೆಲ್ ಕೈಯಲ್ಲಿಯೇ ಇದ್ದಿತು. ಕಾಲೇಜು ೨೦೦೬ರಲ್ಲಿ ತನ್ನ ಹಳೆಯ ತಂಡಕ್ಕೆ ಗೌರವ ಡಾಕ್ಟರೇಟನ್ನು ನೀಡಿತು. ಐವತ್ತೈದು ವರ್ಷ ತಡವಾದರೂ ಸಂದ ಮನ್ನಣೆ ಅದು.

ಹಾಸಿಗೆಯಿದ್ದಷ್ಟು

ಹಾಸಿಗೆಯಿದ್ದಷ್ಟು ಕಾಲು ಚಾಚಿದವರೂ ಉಂಟು. ೧೯೭೩ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ ತನ್ನ ಸದಸ್ಯರನ್ನು ಮೂರು ವಿಭಾಗಗಳಾಗಿ ಹಂಚಿತು. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಸೆಂಟರ್, ಸಿವಾನಿ, ೧೯೬೯ರಲ್ಲಿ ಆಟಕ್ಕೆ ಮರಳಿದ ಷಿಕಾಗೋ—ಇವೆಲ್ಲ ಇಂದು ಆಡುತ್ತಿರುವುದು ಈ ವಿಭಾಗದಲ್ಲಿಯೇ. ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಹೀಗೆ ಸರೀಕರೊಡನೆ ಆಡುತ್ತಿವೆ. ಅತ್ತ ದೊಡ್ಡವರ ದಾರಿಯನ್ನೇ ಹಂಬಲಿಸಿದ ಸೇಂಟ್ ಮೇರಿಸ್ ಮತ್ತು ಸ್ಯಾಂಟ ಕ್ಲಾರ ಆಟವನ್ನು ಪುನಃ ಆರಂಭಿಸಿದರೂ ಸ್ಯಾಂಟ ಕ್ಲಾರ ೧೯೯೨ರ ಋತುವಿನೊಡನೆ, ಸೇಂಟ್ ಮೇರಿಸ್ ೨೦೦೪ರಲ್ಲಿ, ಎರಡನೆಯ ಬಾರಿ ಕೈಬಿಡಬೇಕಾಯಿತು.

ಇತ್ತೀಚೆಗೆ ಲೆಕ್ಕ ತಲೆಕೆಳಗಾಗಿದೆ. ವಿದ್ಯಾರ್ಥಿಗಳೇ ಸಾಲದ ಸಣ್ಣ ಖಾಸಗಿ ಕಾಲೇಜುಗಳು ಫುಟ್‌ಬಾಲನ್ನು ಹೊಸದಾಗಿ ಆರಂಭಿಸುತ್ತಿವೆ. ಒಂದು ತಂಡವೆಂದರೆ ನೂರರ ಆಸುಪಾಸಿನ ಹುಡುಗರು. ಅವರು ತರುವ ಶುಲ್ಕವೇ ಕಾಲೇಜಿಗೆ ಆಧಾರ. ಟಿಕೆಟು ಕೊಳ್ಳುವ ಪ್ರೇಕ್ಷಕನ ಜಾಗಕ್ಕೆ ಶುಲ್ಕ ತೆರುವ ಆಟಗಾರನೇ ಬಂದಿದ್ದಾನೆ! ಆದರೆ ಈ ಊರುಗೋಲು ಎಲ್ಲರನ್ನೂ ನಿಲ್ಲಿಸಲಾರದು. ಅಲಬಾಮದ ಬರ್ಮಿಂಗ್‌ಹ್ಯಾಂ-ಸದರ್ನ್ ಕಾಲೇಜು ೧೯೩೯ರಲ್ಲಿ ಕೈಬಿಟ್ಟಿದ್ದ ಆಟವನ್ನು ೨೦೦೭ರಲ್ಲಿ ಮತ್ತೆ ಹಿಡಿಯಿತು. ೨೦೨೪ರ ಮೇ ೩೧ರಂದು ತಂಡವಷ್ಟೇ ಅಲ್ಲ, ಕಾಲೇಜೇ ಮುಚ್ಚಿತು.

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆಯನ್ನು ಈ ಕಾಲೇಜುಗಳು ಬಹಳ ಬೆಲೆ ತೆತ್ತು ಕಲಿತವು. ಆದರೂ ೧೯೫೧ರ ಆ ತಂಡದ ಮಾತು ಬೇರೆ. ಅದನ್ನು ಉಳಿಸಿಕೊಳ್ಳಲು ಒಂದು ಉಪಾಯವಿದ್ದಂತೆ ಕಂಡಿದ್ದಿತು. ಅದಕ್ಕೆ ಕೇಳಿದ ಬೆಲೆ ಇಬ್ಬರು ಗೆಳೆಯರು ಮಾತ್ರ. ಆ ಬೆಲೆಯನ್ನು ತೆರಲಾರೆವೆಂದ ತರುಣರು ತಂಡವನ್ನು ಕಳೆದುಕೊಂಡರು. ಆ ವರ್ಷದ ಬೌಲ್ ಪಂದ್ಯಗಳನ್ನು ಗೆದ್ದವರ ಹೆಸರನ್ನು ಇಂದು ದಾಖಲೆಯಲ್ಲಿ ಹುಡುಕಿ ತೆಗೆಯಬೇಕು. ಹೋಗದೆ ಉಳಿದವರ ಹೆಸರನ್ನು ಮಾತ್ರ ಅಮೆರಿಕೆಯ ಜನ ಇನ್ನೂ ಹೇಳಿಕೊಳ್ಳುತ್ತಾರೆ.